ಬೆಟ್ಟದ ಬುಡದಲ್ಲಿ ಇವರು, ನೆತ್ತಿಯ ಮೇಲೆ ನಾನು

ಥಾಯ್ಲೆಂಡ್‌ಗೆ ಹೋಗಿ ಬಂದ್ವಿ ಅಂದ ಕೂಡಲೇ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. "ಪಟ್ಟಾಯ ನೋಡಿದ್ರಾ? ಫುಕೆಟ್?" ಎರಡನ್ನೂ ನೋಡಿಲ್ಲ ಅಂದರೆ, "ಹಾಗಾದ್ರೆ ಹದಿನೈದು ದಿನ ಏನು ಮಾಡಿದ್ರಿ?" ಅಂತ ಮುಖ ನೋಡ್ತಾರೆ. ಲೋಯಿಗೆ ಹೋಗಿದ್ವಿ ಅಂತೀನಿ. ಎಲ್ಲಿಗೆ? ಲೋಯಿ. ಅಲ್ಲಿಗೆ ಮಾತು ನಿಲ್ಲುತ್ತೆ.

ಬ್ಯಾಂಕಾಕ್‌ನಿಂದ ಸುಮಾರು 500 ಕಿಲೋಮೀಟರ್ ದೂರದಲ್ಲಿ, ಇಸಾನ್ ಅಂತ ಕರೆಯುವ ಈಶಾನ್ಯ ಭಾಗದ ಒಂದು ಮೂಲೆಯಲ್ಲಿ, ಲಾವೋಸ್ ದೇಶದ ಗಡಿಗೆ ಅಂಟಿಕೊಂಡಿರೋ ಪ್ರಾಂತ್ಯ ಇದು. ಥಾಯ್ ಭಾಷೆಯಲ್ಲಿ 'ಲೋಯಿ' ಅಂದರೆ 'ದಾಟಿ ಮುಂದೆ' ಅನ್ನೋ ಅರ್ಥವೂ ಇದೆಯಂತೆ. ಹೆಸರಿಗೆ ತಕ್ಕ ಹಾಗೆ ವಿದೇಶಿ ಪ್ರವಾಸಿಗರು ಇದನ್ನು ದಾಟಿಯೇ ಹೋಗ್ತಾರೆ, ನಿಲ್ಲೋದಿಲ್ಲ. ಆದರೆ ಥಾಯ್ ಜನಕ್ಕೆ ಮಾತ್ರ ಲೋಯಿ ಅಂದರೆ ಚಳಿ, ಮಂಜು, ಬೆಟ್ಟ. ಸೆಕೆಯ ದೇಶದಲ್ಲಿ ಸ್ವೆಟರ್ ಹಾಕಿಕೊಳ್ಳುವ ಭಾಗ್ಯ ಇರೋ ಕೆಲವೇ ಜಾಗಗಳಲ್ಲಿ ಇದೂ ಒಂದು. ಇಲ್ಲಿನ ಪೂ ರುವಾ ಬೆಟ್ಟದಲ್ಲಿ ಹುಲ್ಲಿನ ಮೇಲೆ ಹಿಮದ ಹರಳು ಕಟ್ಟಿದರೆ ಅದನ್ನು ನೋಡೋಕೆ ಬ್ಯಾಂಕಾಕ್‌ನಿಂದ ಜನ ಓಡಿ ಬರ್ತಾರೆ.

ನಮ್ಮ ಮಗಳು ಬ್ಯಾಂಕಾಕ್‌ನಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಯ್ತು. ಕಳೆದ ಜನವರಿಯಲ್ಲಿ ನಾನೂ ನಮ್ಮ ಮನೆಯವರೂ ಸಾಗರದಿಂದ ಅಲ್ಲಿಗೆ ಹೋದಾಗ ಅವಳೇ ಹೇಳಿದ್ದು, "ಅಮ್ಮ, ಸಮುದ್ರ ಬೇಡ. ನಿಮ್ಮನ್ನ ಒಂದು ಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ." ಮಲೆನಾಡಿನವರನ್ನು ಬೆಟ್ಟ ತೋರಿಸೋಕೆ ಥಾಯ್ಲೆಂಡ್‌ಗೆ ಕರೆಸಿಕೊಂಡಳಲ್ಲ ಅಂತ ಇವರು ನಕ್ಕರು. ಆದರೂ ಹೊರಟಿದ್ದು ಇವರೇ ಮೊದಲು. ಹೊಸ ಶೂ ತಗೊಂಡು, ಅದನ್ನು ಮನೆಯೊಳಗೇ ಹಾಕಿಕೊಂಡು ಎರಡು ದಿನ ಓಡಾಡಿದರು.

ಬೆಟ್ಟದ ಹೆಸರು ಪೂ ಕ್ರದುಂಗ್. 'ಪೂ' ಅಂದರೆ ಬೆಟ್ಟ, 'ಕ್ರದುಂಗ್' ಅಂದರೆ ಗಂಟೆ. ಬೌದ್ಧರ ವ್ರತದ ದಿನಗಳಲ್ಲಿ ಬೆಟ್ಟದ ಮೇಲಿಂದ ಗಂಟೆಯ ಸದ್ದು ಕೇಳಿಸ್ತಿತ್ತು, ಅದು ಇಂದ್ರನ ಗಂಟೆ ಅಂತ ಊರಿನವರ ಕಥೆ. ಬೇಟೆಗಾರನೊಬ್ಬ ಕಾಟಿಯನ್ನು ಅಟ್ಟಿಸಿಕೊಂಡು ಹೋಗಿ ಈ ಬೆಟ್ಟದ ತಲೆ ಕಂಡ ಅಂತ ಇನ್ನೊಂದು ಕಥೆ. 1962ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಯ್ತು. ಅತಿ ಎತ್ತರದ ಜಾಗ 1316 ಮೀಟರ್. ನಮ್ಮ ಮುಳ್ಳಯ್ಯನಗಿರಿ ಮುಂದೆ ಇದೇನು ಅಂತ ಅನ್ನಿಸಬಹುದು. ಆದರೆ ಮುಳ್ಳಯ್ಯನಗಿರಿಗೆ ಹೆಚ್ಚುಕಡಿಮೆ ತುದಿವರೆಗೆ ಜೀಪು ಹೋಗುತ್ತೆ. ಇಲ್ಲಿಗೆ ಏನೂ ಹೋಗೋದಿಲ್ಲ. ನಿಮ್ಮ ಕಾಲು ಮಾತ್ರ.

ಬೆಟ್ಟದ ಆಕಾರವೇ ಬೇರೆ. ಶಿಖರ ಅನ್ನೋದೇ ಇಲ್ಲ, ಮೇಲೆ ಚಪ್ಪಟೆ. ಹೊಲದ ಮಧ್ಯೆ ಎದ್ದು ನಿಂತ ಒಂದು ದೊಡ್ಡ ಮೇಜಿನ ಹಾಗೆ. ಅದರ ಮೇಲೆ ಸುಮಾರು 60 ಚದರ ಕಿಲೋಮೀಟರ್ ಹುಲ್ಲುಗಾವಲು, ಪೈನ್ ಕಾಡು. ಬುಡದ ಸೀ ಥಾನ್‌ನಿಂದ ಅಂಚಿನವರೆಗೆ ಐದೂವರೆ ಕಿಲೋಮೀಟರ್ ಏರು. ಅಂಚು ತಲುಪಿದ ಮೇಲೆ ಟೆಂಟ್ ಇರುವ ವಾಂಗ್ ಕ್ವಾಂಗ್‌ಗೆ ಇನ್ನೂ ಸುಮಾರು ಮೂರೂವರೆ ಕಿಲೋಮೀಟರ್ ಸಮತಟ್ಟು ನಡಿಗೆ.

ರಾತ್ರಿ ಬಸ್ಸು ನಮ್ಮನ್ನು ಬೆಳಗಿನ ಜಾವ ಪಾ ನೋಕ್ ಖಾವ್ ಅನ್ನೋ ಕಡೆ ಇಳಿಸಿತು. ಗೂಬೆಬಂಡೆ ಅಂತ ಅರ್ಥ. ಬೆಳಕು ಹರಿದಾಗ ನೋಡಿದರೆ ರಸ್ತೆ ಪಕ್ಕದ ಬಂಡೆ ನಿಜಕ್ಕೂ ಗೂಬೆ ಮುಖದ ಹಾಗೇ ಇತ್ತು. ಅಲ್ಲಿಂದ ಸಾಂಗ್‌ತ್ಯಾವ್, ಅಂದರೆ ಹಿಂದೆ ಎರಡು ಸಾಲು ಬೆಂಚು ಹಾಕಿದ ವ್ಯಾನು, ಉದ್ಯಾನದ ಗೇಟಿಗೆ ಬಿಟ್ಟಿತು. ಟಿಕೆಟ್ ಥಾಯ್ ಜನಕ್ಕೆ 40 ಬಾತ್, ನಮಗೆ 400. ಇವರು ಸ್ವಲ್ಪ ಗೊಣಗಿದರು. ನಮ್ಮ ತಾಜ್ ಮಹಲಲ್ಲೂ ವಿದೇಶಿಯರಿಗೆ ಹೀಗೇ ಅಲ್ವಾ ಅಂತ ಮಗಳು ಬಾಯಿ ಮುಚ್ಚಿಸಿದಳು.

ಗೇಟಿನ ಪಕ್ಕದಲ್ಲೇ ತೂಕದ ಶೆಡ್ಡು. ಈ ಬೆಟ್ಟದ ಜೀವ ಇರೋದು ಅಲ್ಲೇ ಅಂತ ನನಗೆ ಆಮೇಲೆ ಗೊತ್ತಾಯ್ತು. ನಿಮ್ಮ ಬ್ಯಾಗನ್ನು ತಕ್ಕಡಿ ಮೇಲಿಡ್ತಾರೆ, ತೂಕ ಬರೆದು ಚೀಟಿ ಕಟ್ತಾರೆ. ಹೊರೆ ಹೊರುವವರು ಅದನ್ನು ಮೇಲೆ ತಲುಪಿಸ್ತಾರೆ. ಥಾಯ್‌ನಲ್ಲಿ ಅವರನ್ನು 'ಲೂಕ್ ಹಾಪ್' ಅಂತಾರೆ. ಹೆಗಲ ಮೇಲೆ ಅಡ್ಡ ಬಿದಿರು, ಎರಡೂ ತುದಿಗೆ ಹೊರೆ, ನಮ್ಮ ಅಡ್ಡೆಯ ಹಾಗೇನೇ. ನಾವು ಹೋದಾಗ ಕಿಲೋಗೆ 30 ಬಾತ್ ಇತ್ತು. ನಮ್ಮ ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಜೊತೆಗೆ ಒಂದು ಗಾಜಿನ ಬಾಟಲಿ ತುಂಬ ಅಪ್ಪೆಮಿಡಿ ಉಪ್ಪಿನಕಾಯಿ. "ಅಮ್ಮ, ಈ ಬಾಟಲಿಗೇ ನಲವತ್ತು ಬಾತ್ ಆಗುತ್ತೆ" ಅಂದಳು ಮಗಳು. ಆಗಲಿ ಬಿಡು ಅಂದೆ. (ಮೂರು ದಿನ ಅಂಟನ್ನ ತಿಂದ ಮೇಲೆ ಅವಳೇ ಬಾಟಲಿ ಬರಿದು ಮಾಡಿದ್ದು.)

ಏಳೂವರೆಗೆ ಹತ್ತೋಕೆ ಶುರು ಮಾಡಿದ್ವಿ. ಏರಿನಲ್ಲಿ ಅಲ್ಲಲ್ಲಿ ನಿಲುಗಡೆಗಳಿವೆ, ಒಂದೊಂದಕ್ಕೂ 'ಸಮ್' ಅಂತ ಹೆಸರು. ನೀರು ಒಸರುವ ಜಾಗ ಅಂತ ಅರ್ಥ, ನಮ್ಮ ಒರತೆ. ಸಮ್ ಕೋಕ್ ವಾ ಅಂದರೆ ನೇರಳೆ ಮರದ ಬುಡದ ಒರತೆ. ಸಮ್ ಕೋಕ್ ಪೈ, ಬಿದಿರ ಮೆಳೆಯ ಒರತೆ. ನಮ್ಮ ಕಡೆಯ ಊರ ಹೆಸರುಗಳನ್ನು ಯಾರೋ ಥಾಯ್‌ಗೆ ತಂದಿಟ್ಟ ಹಾಗೆ. ಪ್ರತಿ ಸಮ್‌ನಲ್ಲೂ ಅಂಗಡಿ, ಬೆಂಚು, ಕಲ್ಲಂಗಡಿ ಹೋಳು, ಎಳನೀರು. ಮೇಲೆ ಹೋದ ಹಾಗೆ ಬೆಲೆಯೂ ಮೇಲೆ ಹೋಗುತ್ತೆ. ಯಾಕೆ ಅಂತ ಕೇಳೋ ಹಾಗಿಲ್ಲ. ಆ ಕಲ್ಲಂಗಡಿಯೂ ಯಾರದೋ ಹೆಗಲ ಮೇಲೇ ಬಂದಿದ್ದು.

ಮೊದಲನೆಯದು ಸಮ್ ಹ್ಯಾಕ್. ಒಂದು ಕಿಲೋಮೀಟರ್ ಅಷ್ಟೇ, ಆದರೆ ನೆಟ್ಟಗೆ ನಿಂತ ಏರು. ಏದುಸಿರು ಬಿಡೋದಕ್ಕೆ ಥಾಯ್‌ನಲ್ಲಿ 'ಹ್ಯಾಕ್ ಹ್ಯಾಕ್' ಅಂತಾರೆ, ಅದಕ್ಕೇ ಆ ಹೆಸರು ಅಂತ ಅಂಗಡಿಯಾಕೆ ನಕ್ಕಳು. ನಾವು ನಗಲಿಲ್ಲ. ನಮ್ಮ ಮನೆಯವರು ಬೆಂಚಿನ ಮೇಲೆ ಕೂತು ಎಡಗಾಲಿನ ಮಂಡಿ ಹಿಡಿದುಕೊಂಡಿದ್ದರು. ಮುಖ ಬಿಳಿಚಿತ್ತು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಮೇಲೆ ನೋಡಿದರು, ಕೆಳಗೆ ನೋಡಿದರು.

"ನಂಗೆ ಆಗಲ್ಲ ಮಾರಾಯ್ತಿ. ನೀವಿಬ್ಬರೂ ಹೋಗಿ ಬನ್ನಿ."

"ಹಾಗಾದ್ರೆ ಎಲ್ಲರೂ ಇಳಿಯೋಣ" ಅಂದೆ ನಾನು.

"ಯಾಕೆ? ನಿಂಗೆ ಮಂಡಿ ಸರಿ ಇದೆಯಲ್ಲ? ನಾನು ಕೆಳಗೆ ರೂಮ್ ಮಾಡ್ಕೊಂಡು ಆರಾಮಾಗಿ ಇರ್ತೀನಿ. ಹೋಗು ಅಂದ್ರೆ ಹೋಗು."

ಮೂವತ್ತೊಂದು ವರ್ಷದಲ್ಲಿ ನಾನು ಇವರನ್ನು ಬಿಟ್ಟು ಪ್ರವಾಸ ಅಂತ ಎಲ್ಲಿಗೂ ಹೋದವಳಲ್ಲ. ಧರ್ಮಸ್ಥಳಕ್ಕೂ ಇಲ್ಲ. ಮಗಳು ಅವರನ್ನು ಕೆಳಗೆ ಬಿಟ್ಟು, ರೂಮ್ ಮಾಡಿಕೊಟ್ಟು, ಅಂಗಡಿಯವರಿಗೆ 'ಜೇ' ಊಟ, ಅಂದರೆ ಮಾಂಸ, ಮೀನು, ಮೊಟ್ಟೆ ಏನೂ ಇಲ್ಲದ ಊಟ ಕೊಡಿ ಅಂತ ಹೇಳಿ ವಾಪಸ್ ಬರೋ ತನಕ ನಾನು ಸಮ್ ಹ್ಯಾಕ್‌ನಲ್ಲೇ ಕೂತಿದ್ದೆ. ಹೋಗಬೇಕು ಅಂತಲೂ ಆಸೆ. ಹಾಗೆ ಆಸೆ ಆಗ್ತಿದೆಯಲ್ಲ ಅಂತ ನಾಚಿಕೆಯೂ.

ಆಮೇಲಿನ ಏರನ್ನು ಬೇಗ ಹೇಳಿಬಿಡ್ತೀನಿ. ಬಿದಿರು, ಒಣಗಿದ ಎಲೆ, ಬೇರೇ ಮೆಟ್ಟಿಲು. ಕೊನೆಯ ನಿಲುಗಡೆ ಸಮ್ ಕ್ರೇ ಆದ ಮೇಲಿನ ಒಂದು ಕಿಲೋಮೀಟರ್ ಚಿಲ್ಲರೆ ದಾರಿ ಅತಿ ಕಷ್ಟ. ಬಂಡೆಗಳ ಮಧ್ಯೆ ಕಬ್ಬಿಣದ ಏಣಿಗಳು. ಕೈಯೂ ಕಾಲೂ ಎರಡೂ ಬೇಕು. ಅಲ್ಲಿ ನಾನು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಎಣಿಸ್ತಾ ಇದ್ದರೆ, ಪಕ್ಕದಲ್ಲೇ ಹವಾಯಿ ಚಪ್ಪಲಿ ಹಾಕಿದ ಹೆಂಗಸೊಬ್ಬಳು ಎರಡು ದೊಡ್ಡ ಗಂಟು ಹೊತ್ತು ಹತ್ತಿ ಹೋದಳು. ಬಿದಿರು ಹೆಜ್ಜೆಗೆ ತಕ್ಕ ಹಾಗೆ ಕುಯ್ ಕುಯ್ ಅನ್ನುತ್ತಿತ್ತು.

ಅಂಚಿನ ಹೆಸರು ಲಂಗ್ ಪ್ಯಾ. ಅಲ್ಲಿ ಒಂದು ದೊಡ್ಡ ಬೋರ್ಡು, ಜನ್ಮದಲ್ಲೊಮ್ಮೆ ಈ ಬೆಟ್ಟ ಗೆದ್ದೆವು ಅನ್ನೋ ಅರ್ಥದ ಮಾತು ಬರೆದಿದೆ. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ತಾರೆ. ನಾವೂ ತೆಗೆಸಿಕೊಂಡ್ವಿ. ಫೋಟೋದಲ್ಲಿ ನಾನು ಗೆದ್ದವಳ ಹಾಗೆ ಕಾಣ್ತಿಲ್ಲ, ಬಸ್ಸು ತಪ್ಪಿಸಿಕೊಂಡವಳ ಹಾಗೆ ಇದ್ದೀನಿ.

ಆದರೆ ಬೋರ್ಡು ದಾಟಿ ನಾಲ್ಕು ಹೆಜ್ಜೆ ಇಟ್ಟರೆ! ಇಷ್ಟು ಹೊತ್ತು ಮೂಗಿಗೆ ತಾಗ್ತಿದ್ದ ಬೆಟ್ಟ ಇದ್ದಕ್ಕಿದ್ದ ಹಾಗೆ ಮಾಯ. ಕಣ್ಣು ಹರಿಯುವಷ್ಟು ದೂರ ಬಂಗಾರದ ಬಣ್ಣದ ಹುಲ್ಲು, ಅದರ ನಡುವೆ ದೂರ ದೂರ ನಿಂತ ಪೈನ್ ಮರಗಳು, ಮರಳಿನ ದಾರಿ, ತಣ್ಣಗಿನ ಗಾಳಿ. ನಿಂತು ಕಾಲಿನಿಂದ ನೆಲ ಗುದ್ದಿದರೆ ಒಳಗೆ ಪೊಳ್ಳು ಇದ್ದ ಹಾಗೆ ಸದ್ದು ಬರುತ್ತೆ ಅಂತಾರೆ, ಗಂಟೆ ಬೆಟ್ಟ ಅನ್ನೋಕೆ ಅದೂ ಕಾರಣವಂತೆ. ನಾನೂ ಗುದ್ದಿ ನೋಡಿದೆ. ನನ್ನ ಹಿಮ್ಮಡಿ ನೋಯಿತು ಅಷ್ಟೇ.

ವಾಂಗ್ ಕ್ವಾಂಗ್ ಅಂದರೆ ಕಡವೆಯ ಮಡು. ಹೆಸರಿಗೆ ಸರಿಯಾಗಿ ಒಂದು ಕಡವೆ ಟೆಂಟುಗಳ ಮಧ್ಯೆ ಮನೆ ದನದ ಹಾಗೆ ಓಡಾಡಿಕೊಂಡಿತ್ತು. ಟೆಂಟು, ಚಾಪೆ, ಕಂಬಳಿ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತೆ. ರಾತ್ರಿಯ ಚಳಿಗೆ ಎರಡು ಕಂಬಳಿ ಸಾಲದೆ ಮಗಳು ಮೂರನೆಯದು ತಂದಳು.

ಮರುದಿನ ಬೆಳಗಿನ ಜಾವ ಐದಕ್ಕೆ ಪಾ ನೋಕ್ ಆನ್ ಅನ್ನೋ ಬಂಡೆಯಂಚಿಗೆ ಸೂರ್ಯೋದಯ ನೋಡೋಕೆ ಹೋಗಬೇಕು. ಒಬ್ಬೊಬ್ಬರೇ ಹೋಗೋಕೆ ಬಿಡೋದಿಲ್ಲ. ಅರಣ್ಯ ಸಿಬ್ಬಂದಿ ಮುಂದೆ, ಟಾರ್ಚು ಹಿಡಿದ ಸಾಲು ಹಿಂದೆ. ಕಾರಣ ಕಾಡಾನೆ. ಇದು ಹೆದರಿಸೋಕೆ ಹೇಳೋ ಮಾತಲ್ಲ, 2024ರ ಡಿಸೆಂಬರ್‌ನಲ್ಲಿ ಈ ಬೆಟ್ಟದ ಮೇಲೆ ಪ್ರವಾಸಿ ಮಹಿಳೆಯೊಬ್ಬರು ಆನೆಗೆ ಸಿಕ್ಕಿ ತೀರಿಕೊಂಡರು. ದಾರಿ ಮುಚ್ಚಿದೆ ಅಂದರೆ ದಯವಿಟ್ಟು ವಾದ ಮಾಡಬೇಡಿ, ವಾಪಸ್ ಬನ್ನಿ. ನಾವು ಹೋದಾಗ ದಾರಿಯಲ್ಲಿ ಬಿಸಿ ಲದ್ದಿ ಬಿದ್ದಿತ್ತು. ಮುಂದಿದ್ದವರು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟರು. ನಲವತ್ತು ಜನ ಉಸಿರು ಬಿಗಿಹಿಡಿದ ಆ ಎರಡು ನಿಮಿಷ ನನಗೆ ಸೂರ್ಯೋದಯಕ್ಕಿಂತ ಹೆಚ್ಚು ನೆನಪಿದೆ.

ಇಲ್ಲಿನ ಜಲಪಾತಗಳಲ್ಲಿ ಒಂದರ ಹೆಸರು ಪೋನ್ ಪೋಪ್. 1960ರಲ್ಲಿ ಥಾಯ್ಲೆಂಡ್‌ನ ಮೊದಲ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಆದ ಪೋನ್ ಕಿಂಗ್‌ಪೆಚ್ ಚಳಿಯಲ್ಲಿ ತಾಲೀಮು ಮಾಡೋಕೆ ಈ ಬೆಟ್ಟ ಹತ್ತಿದ್ದಾಗ ಇದನ್ನು ಕಂಡರಂತೆ. 'ಪೋನ್ ಕಂಡದ್ದು' ಅಂತಲೇ ಹೆಸರು. ಜನವರಿಯಲ್ಲಿ ನೀರು ತೀರಾ ಕಡಿಮೆ. ನೀರು ನೋಡಬೇಕು ಅನ್ನೋರು ಅಕ್ಟೋಬರ್‌ನಲ್ಲಿ ಹೋಗಬೇಕು. ಆದರೆ ಚಳಿಗಾಲಕ್ಕೆ ಇನ್ನೊಂದು ಲಾಭ ಇದೆ. ತೊರೆಗಳ ಪಕ್ಕದ ಮೇಪಲ್ ಮರಗಳು ಕೆಂಪಾಗಿ, ಹಾಸುಗಲ್ಲಿನ ಮೇಲೆಲ್ಲ ಕುಂಕುಮ ಚೆಲ್ಲಿದ ಹಾಗೆ ಎಲೆ ಬಿದ್ದಿರುತ್ತೆ. ಮಗಳು ಒಂದು ಎಲೆ ಎತ್ತಿಕೊಳ್ಳೋಕೆ ಹೋದಳು, ಉದ್ಯಾನದಿಂದ ಏನೂ ಒಯ್ಯೋ ಹಾಗಿಲ್ಲ ಅಂತ ಅವಳೇ ನೆನಪಿಸಿಕೊಂಡು ಕೆಳಗಿಟ್ಟಳು. ಅಪ್ಪನಿಗೆ ಅಂತ ಎತ್ತಿಕೊಂಡಿದ್ದು.

ಸಂಜೆಗೆ ಪಾ ಲೋಮ್ ಸಾಕ್. ಟೆಂಟಿನಿಂದ ಒಂಬತ್ತು ಕಿಲೋಮೀಟರ್. ಸೈಕಲ್ ಬಾಡಿಗೆಗೆ ಸಿಗುತ್ತೆ ಅಂತ ಗೊತ್ತಾಗಿ ತಗೊಂಡ್ವಿ. ನಾನು ಹೈಸ್ಕೂಲು ಬಿಟ್ಟ ಮೇಲೆ ಸೈಕಲ್ ಮುಟ್ಟಿರಲಿಲ್ಲ. ಮರಳು ಸಿಕ್ಕಿದ ಕಡೆಯೆಲ್ಲ ಇಳಿದು ತಳ್ಳಿದ್ದೇ ಹೆಚ್ಚು, ಆದರೂ ಪೈನ್ ಮರಗಳ ಮಧ್ಯೆ ಅರ್ಧ ಕಿಲೋಮೀಟರ್ ಒಂದೇ ಉಸಿರಿಗೆ ತುಳಿದಾಗ ಆದ ಖುಷಿಯನ್ನು ಯಾರಿಗೂ ಹೇಳೋಕೆ ಆಗಲ್ಲ. ಬೆಟ್ಟದ ಅಂಚಿನಲ್ಲಿ ಬಂಡೆಯೊಂದು ಗಾಳಿಗೆ ನಾಲಿಗೆ ಚಾಚಿದ ಹಾಗೆ ಹೊರಗೆ ಬಂದಿದೆ. ಪಕ್ಕದಲ್ಲಿ ಒಂದು ಪೈನ್ ಮರ. ಕೆಳಗೆ ಪಾತಾಳ, ಎದುರಿಗೆ ಪೆಚ್ಚಬೂನ್ ಪ್ರಾಂತ್ಯದ ಬೆಟ್ಟಸಾಲು ಒಂದರ ಹಿಂದೆ ಒಂದು ನೀಲಿ. ಸೂರ್ಯ ಆ ಬೆಟ್ಟಗಳ ಮಧ್ಯೆ ಇಳಿಯೋಕೆ ಶುರುವಾದಾಗ ನನಗೆ ತಡೆಯೋಕಾಗದೆ ಇವರಿಗೆ ವಿಡಿಯೋ ಕಾಲ್ ಮಾಡಿದೆ. ಪುಣ್ಯಕ್ಕೆ ಸಿಗ್ನಲ್ ಸಿಕ್ಕಿತು.

"ಕಾಣ್ತಾ ಇದೆಯಾ?"

"ಬರೀ ಕೆಂಪು ಕಾಣ್ತಿದೆ. ನಿನ್ನ ಬೆರಳು ತೆಗಿ."

ಬೆರಳು ತೆಗೆದೆ. ಆಗಲೂ ಕೆಂಪೇ ಕಂಡಿತಂತೆ.

ಮೇಲಿದ್ದ ಕೊನೆಯ ರಾತ್ರಿ ನಮ್ಮ ಬ್ಯಾಗು ಹೊತ್ತು ತಂದಿದ್ದ ಹೆಂಗಸು ಊಟದ ಅಂಗಡಿಯಲ್ಲಿ ಸಿಕ್ಕಳು. ಏಣಿಯ ಹತ್ತಿರ ನನ್ನನ್ನು ದಾಟಿ ಹೋದವಳು ಅವಳೇ ಅಂತ ಆಗ ಗೊತ್ತಾಯ್ತು. ನನ್ನನ್ನು 'ಮ್ಯಾ' ಅಂತ ಕರೆದಳು, ಅಮ್ಮ ಅಂತ. ಮಗಳ ಮೂಲಕ ಮಾತಾಡಿದ್ವಿ. ಜೂನ್‌ನಿಂದ ಸೆಪ್ಟೆಂಬರ್ ಕೊನೆವರೆಗೆ ಬೆಟ್ಟ ಮುಚ್ಚಿರುತ್ತೆ, ಆಗ ಗದ್ದೆ ಕೆಲಸ. ಅಕ್ಟೋಬರ್‌ನಿಂದ ಹೊರೆ. ಈ ಬೆಟ್ಟಕ್ಕೆ ರೋಪ್‌ವೇ ಹಾಕಬೇಕು ಅನ್ನೋ ಮಾತು ದಶಕಗಳಿಂದ ಇದೆ. ಸರ್ಕಾರಗಳು ಬರುತ್ತವೆ, ಮಾತು ಏಳುತ್ತೆ, ಮಲಗುತ್ತೆ, ಮತ್ತೆ ಏಳುತ್ತೆ. ಅದರ ಬಗ್ಗೆ ಏನಂತೀಯ ಅಂತ ಕೇಳಿದೆ.

"ನಾನು ಚಿಕ್ಕವಳಾಗಿದ್ದಾಗಿಂದ ಕೇಳ್ತಾನೇ ಇದ್ದೀನಿ. ಬಂದಾಗ ನೋಡೋಣ. ಈ ವರ್ಷ ಮಗನ ಸ್ಕೂಲಿಗೆ ದುಡ್ಡು ಕಟ್ಟಬೇಕು" ಅಂದಳು. ಆಮೇಲೆ ಅಂಗಿಯ ಕಾಲರು ಸರಿಸಿ ಹೆಗಲು ತೋರಿಸಿದಳು. ಬಿದಿರು ಕೂರುವ ಜಾಗದಲ್ಲಿ ಚರ್ಮ ಗಟ್ಟಿಯಾಗಿ ಒಂದು ಗಂಟು ಎದ್ದಿತ್ತು. "ಮಗ ಮಾತ್ರ ಇದಕ್ಕೆ ಬರೋದು ಬೇಡ" ಅಂದಳು.

ರೋಪ್‌ವೇ ಬೇಡ ಅನ್ನೋರ ಮಾತು ನನಗೆ ಅರ್ಥವಾಗುತ್ತೆ. ಮೇಲಿರೋದು ಆನೆಯ ಮನೆ. ನೀರು ಕಡಿಮೆ. ಹತ್ತೇ ನಿಮಿಷದಲ್ಲಿ ಸಾವಿರಾರು ಜನ ಚಿಪ್ಸ್ ಪೊಟ್ಟಣ ಹಿಡಿದು ಮೇಲೆ ಬಂದರೆ ಆ ಹುಲ್ಲುಗಾವಲು ಎಷ್ಟು ದಿನ ಉಳಿದೀತು? ವಾರಾಂತ್ಯದಲ್ಲಿ ನಮ್ಮ ಮುಳ್ಳಯ್ಯನಗಿರಿ ರಸ್ತೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನನ್ನ ಎರಡು ಮಂಡಿ ಸರಿ ಇರುವಾಗ ರೋಪ್‌ವೇ ಬೇಡ ಅನ್ನೋದು ಸುಲಭ. ಕೆಳಗೆ ಒಬ್ಬರು ಫೋನಿನಲ್ಲಿ ಕೆಂಪು ನೋಡ್ತಾ ಕೂತಿದ್ದರು.

ಇಳಿಯೋದು ಹತ್ತೋದಕ್ಕಿಂತ ಕಷ್ಟ. ಮಂಡಿಗೆ ಪಟ್ಟಿ, ಕೈಗೆ ಕೋಲು ಇಲ್ಲದೆ ಇಳಿಯಬೇಡಿ. ಕಾಲು ಉಳುಕಿದ ಒಬ್ಬ ಹುಡುಗನನ್ನು ಹೊರೆಯವರೇ ಸ್ಟ್ರೆಚರಿನಲ್ಲಿ ಇಳಿಸ್ತಾ ಇದ್ದರು. ಏಣಿ ಬಂದಾಗ ಅದನ್ನು ಅವರು ಓರೆಯಾಗಿಸಿದ ರೀತಿ ನೋಡಿ ನಾನು ಕಣ್ಣು ಮುಚ್ಚಿಕೊಂಡೆ.

ಇವರು ತೂಕದ ಶೆಡ್ಡಿನ ಬೆಂಚಿನ ಮೇಲೇ ಇದ್ದರು. ಎರಡು ದಿನವೂ ಅಲ್ಲೇ ಕೂತಿದ್ದರಂತೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕ್ಯಾಷ್ ಎಣಿಸಿದ ಕೈ ಸುಮ್ಮನಿರುತ್ತಾ? ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮೊದಲ ದಿನ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಹೊರೆ ಹೊತ್ತು ಹೋದವರು 41. ಹೆಂಗಸರು 9. ಹೋದ ಸಾಮಾನು: ಗ್ಯಾಸ್ ಸಿಲಿಂಡರ್, ಮೊಟ್ಟೆ, ಐಸ್, ಎಲೆಕೋಸು, ಗಿಟಾರ್ ಒಂದು. ಅವರ ಕಣ್ಣೆದುರು ತೂಗಿದ ಅತಿ ಹೆಚ್ಚಿನ ಹೊರೆ 63 ಕಿಲೋ, ಹೊತ್ತವನಿಗೆ ಸುಮಾರು ಇವರದೇ ವಯಸ್ಸು. ತಕ್ಕಡಿಯವನಿಗೆ ಕನ್ನಡ ಬಾರದು, ಇವರಿಗೆ ಥಾಯ್ ಬಾರದು. ಆದರೂ ಇಬ್ಬರೂ ಹಳೇ ಸ್ನೇಹಿತರ ಹಾಗೆ ಕಾಫಿ ಕುಡೀತಾ ಕೂತಿದ್ದರು.

ಅಲ್ಲಿಂದ ನಾವು ಕಾರು ಮಾಡಿಕೊಂಡು ಉತ್ತರಕ್ಕೆ, ಲೋಯಿ ಪಟ್ಟಣ ದಾಟಿ ಮೆಕಾಂಗ್ ನದಿ ದಡದ ಚಿಯಾಂಗ್ ಖಾನ್‌ಗೆ ಹೋದ್ವಿ. ಹಳೆಯ ಮರದ ಮನೆಗಳ ಉದ್ದನೆ ಬೀದಿ, ಆಚೆ ದಡದಲ್ಲಿ ಲಾವೋಸ್. ಬೆಳಿಗ್ಗೆ ಭಿಕ್ಷುಗಳಿಗೆ ಬಿಸಿ ಅಂಟನ್ನ ಕೊಡೋಕೆ ಜನ ಚಾಪೆ ಹಾಕಿಕೊಂಡು ಸಾಲಾಗಿ ಕೂರ್ತಾರೆ. ಇಲ್ಲಿನ ಸಕ್ಕರೆ ಪಾಕದ ಕೊಬ್ಬರಿ ಎಳೆಗಳು ನಮ್ಮ ಬಾಯಿಗೆ ಚೆನ್ನಾಗಿ ಹಿಡಿಸುತ್ತವೆ. ಹತ್ತಿರದ ಪೂ ಟೋಕ್ ಗುಡ್ಡದ ಮೇಲಿನವರೆಗೆ ವಾಹನ ಹೋಗುತ್ತೆ. ಅಲ್ಲಿ ಬೆಳಗಿನ ಮಂಜು ಸಮುದ್ರದ ಹಾಗೆ ಕೆಳಗೆ ಹರಡಿದ್ದನ್ನು ಇವರೂ ನೋಡಿದರು. ನಾನು ಏನೂ ವಿವರಿಸಬೇಕಾಗಿರಲಿಲ್ಲ, ಅದೇ ನನಗೆ ಸಮಾಧಾನ.

ಅವತ್ತು ಸಂಜೆ ನದಿ ಕಟ್ಟೆ ಮೇಲೆ ಕೂತಾಗ ಪಾ ಲೋಮ್ ಸಾಕ್ ಫೋಟೋ ತೋರಿಸು ಅಂದರು. ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದರು. ಬಂಡೆ ನೋಡಿದರು, ಮರ ನೋಡಿದರು, ಮೂಲೆಯಲ್ಲಿದ್ದ ನನ್ನ ಸೈಕಲ್ಲು ನೋಡಿ ನಕ್ಕರು. ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟರು. ತೂಕದ ಶೆಡ್ಡಿನ ಚೀಟಿ. ಅದರ ಮೇಲೆ 74 ಅಂತ ಬರೆದಿತ್ತು.

"ಇದ್ಯಾರ ಬ್ಯಾಗು?" ಅಂದೆ.

"ನಾನೇ. ತಕ್ಕಡಿ ಖಾಲಿ ಇತ್ತು, ಹತ್ತಿ ನಿಂತೆ. ಎಪ್ಪತ್ನಾಲ್ಕು ಕಿಲೋ, ಮೂವತ್ತರ ಹಾಗೆ 2220 ಬಾತ್. ಅವನು ನಕ್ಕೂ ನಕ್ಕೂ ಚೀಟಿ ಬರೆದುಕೊಟ್ಟ."

"ಕೊಟ್ಟು ಬರಬಹುದಿತ್ತಲ್ಲ?"

"ಆ 63 ಕಿಲೋ ಹೊತ್ತವನು ಪಕ್ಕದಲ್ಲೇ ಕೂತಿದ್ದ ಕಣೇ" ಅಂದರು.